ನೀರಲ್ಲಿ ಕರಗಿದ ಮುಖ

"ಬೇಡ ಮಗಳೇ, ಆ ಮುಖವಾಡ ನೀರಿಗೆ ಹಾಕ್ಬೇಡ. ಹಣೆಪಟ್ಟಿ ಮೇಲೆ ಮಾಟ ಬರ್ದವ್ರೆ."

"ಓದಿದೀನಿ ಕಾಕಾ. 'ನನ್ನ ಮುಖ ಅಳಿಸಿದವರ ಮುಖ ನನಗೆ.' ತಗೊಳ್ಲಿ ಬಿಡಿ, ಕಣ್ಣಿಗೆ ಸುರ್ಮಾ ಹಚ್ಚೋ ಕೆಲಸ ತಪ್ಪುತ್ತೆ!"

ದಸೂಕಿ ಕಾಕಾ ನಗಲಿಲ್ಲ. ಈಜಿಪ್ಟಿನ ಫಯೂಮಿನ ಈ ಉತ್ಖನನದ ಗೋದಾಮಿನಲ್ಲೇ ಮುದುಕನಾದವನು ಅವನು. ನೆರ್ಮೀನ್ ಕೈರೋದಿಂದ ಬಂದು ಮೂರೇ ವಾರ.

"ಮುಖದ ಚಿತ್ರನಾದ್ರೂ ಬರ್ಕೋ. ನಾವೆಲ್ಲ ಹಾಗೇ ಮಾಡೋದು. ಸತ್ತೋಳಿಗೆ ಅಷ್ಟು ಮರ್ಯಾದೆ ಬೇಡ್ವಾ?"

"ಹೊತ್ತಿಲ್ಲ ಕಾಕಾ!"

ನಿಜಕ್ಕೂ ಇರಲಿಲ್ಲ. ಸಂಜೆಗೆ ಪ್ರೊಫೆಸರು ಬರ್ತಿದ್ರು. ಹಳೇ ಪಪೈರಸ್ ಹಾಳೆಗಳನ್ನೇ ಪದರ ಪದರ ಅಂಟಿಸಿ, ಸುಣ್ಣ ಬಳಿದು ಮಾಡಿದ, ಮಮ್ಮಿಯೊಂದರ ಮುಖವಾಡ ಅದು. ಒಡೆದ ಅಂಚಲ್ಲಿ ಗ್ರೀಕ್ ಅಕ್ಷರ ಇಣುಕ್ತಿತ್ತು. ಕಳೆದೇಹೋದ ಯಾವುದೋ ಇತಿಹಾಸದ ಪುಸ್ತಕ! ಅದನ್ನ ಮೊದಲು ಓದೋಳು ತಾನೇ ಆಗಬೇಕು.

ಪದರ ಬಿಡಿಸೋಕೆ ಮುಖವಾಡವನ್ನ ಬಿಸಿನೀರಿನ ತೊಟ್ಟಿಗೆ ಬಿಟ್ಟಳು. ಅಂಟು, ಕೊಳೆತ ಬಟ್ಟೆ, ಹಳಸಿದ ಜೇನಿನ ವಾಸನೆ ಎದ್ದು ಬಂತು. ಕೆನ್ನೆಯ ಬಣ್ಣ ಕದಡಿತು. ಕಣ್ಣಿನ ಕಪ್ಪು ಹರಿಯಿತು. ತೊಟ್ಟಿಯ ತಳದಲ್ಲಿ ಯಾರೋ ನಿಟ್ಟುಸಿರು ಬಿಟ್ಟ ಹಾಗೆ ಒಂದು ಗುಳ್ಳೆ. ನೆರ್ಮೀನ್ ಅತ್ತ ನೋಡಲೇ ಇಲ್ಲ. ಸಾಲುಗಳು ಬಿಚ್ಚಿಕೊಳ್ತಿದ್ವು: ಹಡಗುಗಳ ಯುದ್ಧ, ಉರಿಯುವ ಹಾಯಿ, ಓಡಿಹೋದ ಸೇನಾಪತಿ. ಹದಿಮೂರು ಸಾಲು. ಕುಣಿಯೋದೊಂದು ಬಾಕಿ!

ಮಧ್ಯಾಹ್ನ ಅವಳಮ್ಮ ರೊಟ್ಟಿ, ಬೇಯಿಸಿದ ಅವರೆಕಾಳು ಹಿಡ್ಕೊಂಡು ಬಂದ್ಳು. ಜೊತೆಗೆ ನೆರ್ಮೀನ್ ಮಗಳು, ಐದು ವರ್ಷದ ಸಲ್ಮಾ.

"ಅಜ್ಜೀ, ಅಮ್ಮ ಎಲ್ಲಿ?"

"ಇಲ್ಲೇ ಇದೀನಲ್ಲೇ, ಕಳ್ಳಿ!"

ಮಗು ಅಜ್ಜಿಯ ನಿಲುವಂಗಿ ಹಿಂದೆ ಅವಿತಿತು. "ದನಿ ಅಮ್ಮಂದು. ಅಜ್ಜೀ... ಮುಖ ಇಲ್ಲ."

ಮುದುಕಿಯ ಕೈಯಿಂದ ಡಬ್ಬಿ ಬಿತ್ತು. ನೆರ್ಮೀನ್ ಕೆನ್ನೆ ಮುಟ್ಟಿಕೊಂಡಳು. ನುಣುಪು. ಮೂಗಿಲ್ಲ. ತುಟಿಯಿಲ್ಲ. ಒದ್ದೆ ಸುಣ್ಣ. ಕಣ್ಣಿನ ಜಾಗವೂ ಸಪಾಟು. ಆದ್ರೂ ಕಾಣಿಸ್ತಿತ್ತು. ಮಗಳ ನಡುಕ ಕಾಣಿಸ್ತಿತ್ತು.

"ಕಾಕಾ! ಏನಾದ್ರೂ ಮಾಡಿ!"

ದಸೂಕಿ ಪೆನ್ಸಿಲ್ಲು, ಕಾಗದ ಮುಂದಿಟ್ಟ. "ಆ ಸತ್ತೋಳ ಮುಖ ಬರೆದು ಅವಳಿಗೇ ಕೊಡು. ನಿಂದು ವಾಪಸ್ ಬರುತ್ತೆ. ಬೇಗ."

"ನೀವು ನೋಡಿಲ್ವಾ ಕಾಕಾ?"

"ಅಳಿಸಿದೋರೇ ಬರೀಬೇಕು, ತಾಯಿ."

ಪೆನ್ಸಿಲ್ ಹಿಡಿದಳು. ಮುಖ ದುಂಡಗಿತ್ತಾ? ಹುಬ್ಬು ಕೂಡಿತ್ತಾ? ನಗ್ತಿತ್ತಾ? ಹದಿಮೂರು ಸಾಲೂ ಬಾಯಿಪಾಠ. ಒಂದಕ್ಷರವೂ ತಪ್ಪಿಲ್ಲ. ಆ ಹೆಂಗಸಿನ ಮುಖ ಮಾತ್ರ...

ಮೂರು ವಾರ ಅದು ಅವಳ ಮೇಜಿನ ಮೇಲೇ ಇತ್ತು. ಅಕ್ಷರ ಬಿಟ್ಟು ಮುಖವನ್ನ ಒಂದು ಸಲವೂ ನೋಡಿರಲಿಲ್ಲ.

ಅಜ್ಜಿ ಎತ್ಕೊಂಡು ಹೋದ ಸಲ್ಮಾ ಬಾಗಿಲ ಆಚೆ ಅಳ್ತಾನೇ ಇದ್ದಳು. "ಅಮ್ಮನ್ನ ಕರೀರಿ."