ಎರಡು ಗೆರೆಯ ವಿಭೂತಿ

ಮಧ್ಯಾಹ್ನ ಮೂರೂವರೆಗೆ, ಕುಣಿಗಲ್‌ನ ವೃದ್ಧಾಶ್ರಮದಲ್ಲಿ ನನ್ನ ಅಮ್ಮ ಕಲ್ಲಮ್ಮನಿಗೆ ಉಸಿರು ಕಟ್ಟತೊಡಗಿತು.

“ನನ್ನ ಕಾಲ ಬಂದಾಗ ಆಸ್ಪತ್ರೆಗೆ ಹಾಕ್ಬೇಡ ಕಣೋ ಗುರು. ಐಸಿಯುನಲ್ಲಿ ಕೊರಳಿನ ಲಿಂಗಾನೂ ಬಿಚ್ಚಿಡ್ತಾರೆ,” ಎಂದು ಅವಳು ಮೊದಲೇ ಮಾತು ತೆಗೆದುಕೊಂಡಿದ್ದಳು. ಆಶ್ರಮದ ಡಾಕ್ಟರಿಗೂ ಅದು ಗೊತ್ತಿತ್ತು. ಆದರೂ ಹೆದರಿದ ನಾನು ಹೊರಗೆ ಹೋಗಿ ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಅಮ್ಮನಿಗೆ ಹೇಳಲಿಲ್ಲ.

ವಾಪಸ್ ಬಂದರೆ, ಅಂಥ ಬಿಸಿಲಲ್ಲೂ ಕೋಣೆ ತಣ್ಣಗಿತ್ತು. ಒದ್ದೆ ವಿಭೂತಿಯ ವಾಸನೆ. ಅಮ್ಮ ಕಣ್ಣು ಮುಚ್ಚಿಕೊಂಡೇ, ನಾನಿಲ್ಲದ ಕಡೆ ಮುಖ ತಿರುಗಿಸಿ ಕಿಸಕ್ಕನೆ ನಕ್ಕಳು.

“ಈಗ ಬಂದ್ರಾ? ಮೊದ್ಲು ಗೇಟ್ ಹತ್ರ ಹೋಗಿ ಆ ಗಾಡಿ ವಾಪಸ್ ಕಳಿಸ್ರೀ!”

ಸ್ವಲ್ಪ ಹೊತ್ತಿಗೆ ಆಂಬುಲೆನ್ಸ್ ಡ್ರೈವರ್ ತಿಮ್ಮರಾಜು ಸ್ಟ್ರೆಚರ್ ಇಲ್ಲದೆ ಬರಿಗೈಯಲ್ಲಿ ಒಳಗೆ ಬಂದ.

“ಗೇಟಲ್ಲಿ ಯಜಮಾನ್ರು ತಡೆದ್ರು ಸಾರ್. ‘ನನ್ ಹೆಂಡ್ತಿ ಎಲ್ಲಿಗೂ ಬರಲ್ಲ, ನೀನು ಪಾಯಸ ತಿಂದ್ಕೊಂಡು ಹೋಗು’ ಅಂತ ನಗ್ತಾ ಹಣೆಗೆ ವಿಭೂತಿನೂ ಹಚ್ಚಿದ್ರು. ಕೈ ಮಾತ್ರ ಐಸು!”

ಅವನ ಹಣೆಯ ಮೇಲೆ ಮೂರು ಗೆರೆ ಇರಬೇಕಾದಲ್ಲಿ ಎರಡೇ ಇದ್ದವು. ನಡುವಿನದು ಖಾಲಿ.

ನನ್ನ ಅಪ್ಪ ಚನ್ನವೀರಯ್ಯ ತೀರಿಕೊಂಡು ಒಂಬತ್ತು ವರ್ಷವಾಗಿದೆ. ಕಬ್ಬಿನ ಗಾಣದಲ್ಲಿ ಬಲಗೈ ನಡುಬೆರಳು ಕಳೆದುಕೊಂಡಿದ್ದ ಅವರು ವಿಭೂತಿ ಹಚ್ಚಿದರೆ ಎರಡೇ ಗೆರೆ ಮೂಡುತ್ತಿತ್ತು.

ಅಮ್ಮ ಎದ್ದು ಕೂತಿದ್ದಳು. “ಯಾಕ್ಲಾ ಹಂಗ್ ನೋಡ್ತೀಯ? ಹಸಿವಾಯ್ತೈತೆ.”

ಆಂಬುಲೆನ್ಸ್ ಬೇಡವೆಂದೆ. ಅಡುಗೆಮನೆಯಲ್ಲಿ ಅವತ್ತು ನಿಜಕ್ಕೂ ಶ್ಯಾವಿಗೆ ಪಾಯಸ ಮಾಡಿದ್ದರು. ತಿಮ್ಮರಾಜುವೂ ನಮ್ಮ ಜತೆ ಕೂತು ತಿಂದ. ಅಮ್ಮ ಎರಡು ಬಟ್ಟಲು ಖಾಲಿ ಮಾಡಿ ಇಡೀ ಆಶ್ರಮವನ್ನು ನಗಿಸಿದಳು. ಈಗಲೂ ಅಲ್ಲೇ ಗಟ್ಟಿಯಾಗಿದ್ದಾಳೆ.

ಮಾರನೆಯ ಬೆಳಿಗ್ಗೆ ನಾನು ಹೋದಾಗ ಅವಳ ಹಣೆಯ ಮೇಲೂ ಎರಡೇ ಗೆರೆ ಇತ್ತು.