ಅಂಬಮ್ಮನ ಹೆಸರಿನ ಬಟ್ಟಲು

ರಾಯಚೂರಿನ ಬಸವಂತಮ್ಮನ ಕಂಪೌಂಡಿನಲ್ಲಿ ಆರು ಮನೆ, ಒಂದು ನಲ್ಲಿ, ಒಂದು ಬೇವಿನ ಮರ. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಉಳಿದ ಐದು ಮನೆಯವರೂ ಸೀನಬೇಕು, ಹಾಗಿತ್ತು ಅಲ್ಲಿಯ ಬಾಳುವೆ. ಬರೆದಿಡದ ಕಾನೂನು ಒಂದಿತ್ತು: ತಿಂಡಿ ತುಂಬಿಕೊಂಡು ಬಂದ ಬಟ್ಟಲು ಖಾಲಿಯಾಗಿ ವಾಪಸು ಹೋಗಬಾರದು. ದಾವಲ್ ಬೀ ಮನೆಯ ಶೀರ್ ಖುರ್ಮಾ ಬಂದ ಬಟ್ಟಲಲ್ಲಿ ಅಂಬಮ್ಮನ ಮನೆಯ ಹೋಳಿಗೆ ಹೋಗುತ್ತಿತ್ತು. ಅದಲುಬದಲಾಗದಿರಲೆಂದು ಎಲ್ಲರೂ ಸ್ಟೀಲ್ ಬಟ್ಟಲಿನ ಮೇಲೆ ತಮ್ಮ ತಮ್ಮ ಹೆಸರು ಕೊರೆಸಿದ್ದರು.

ಎಪ್ಪತ್ತೊಂಬತ್ತರ ದೀಪಾವಳಿ ಮುಗಿದ ಮೇಲೆ ಮೂಲೆಯ ಖೋಲಿಗೆ ವಿರೂಪಣ್ಣ ಬಂದ. ಸಿರವಾರದವನು, ಮಾನ್ವಿ ಬಸ್ಸಿನ ಕಂಡಕ್ಟರ್, ಒಂಟಿ ಜೀವ. ಪಾಪ ಅಂತ ಹೆಂಗಸರೆಲ್ಲ ಬಟ್ಟಲು ಕಳಿಸಿದ್ದೇ ಕಳಿಸಿದ್ದು. ಅಪ್ಪನ ಜೊತೆ ಇದ್ದ ಹುಡುಗಿ ಅಂಬಮ್ಮ ರವೆಯ ಸಿಹಿ ಸಜ್ಜಕ ಕಳಿಸಿದಳು. ಹೋದ ಬಟ್ಟಲು ಒಂದೂ ತಿರುಗಿ ಬರಲಿಲ್ಲ.

ತಿಂಗಳು ಕಳೆಯಿತು. ನಲ್ಲಿಯ ಮುಂದೆ ಅದೇ ಮಾತು.

"ಅಮಾಸಿ ತನಕ ನೋಡ್ತೀನಿ," ಎಂದಳು ಮಾಲಕಿ ಬಸವಂತಮ್ಮ. "ಎಲ್ಲಾರ ಬಟ್ಟಲ ಬರಲಿಲ್ಲಂದ್ರ ಖೋಲಿ ಬಿಡಸ್ತೀನಿ. ನಡಾವಳಿ ಗೊತ್ತಿಲ್ಲದವ್ರು ನಮ್ಮ ನಡುವ ಬ್ಯಾಡ."

ಕೇಳುತ್ತ ನಿಂತ ಅಂಬಮ್ಮನ ಕೊಡ ತುಂಬಿ ಹರಿಯಿತು. ದಿನಾ ಬೆಳಿಗ್ಗೆ ಅವಳು ಬಾಗಿಲಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಕೂರುತ್ತಿದ್ದಳು. ಖಾಕಿ ತೊಟ್ಟ ವಿರೂಪಣ್ಣ ಗೇಟಿನ ಹತ್ತಿರ ನಿಂತು, ಹೆಗಲ ಚೀಲ ಸರಿಮಾಡಿಕೊಳ್ಳುವ ನೆಪದಲ್ಲಿ ಒಮ್ಮೆ ಹೊರಳಿ ನೋಡುತ್ತಿದ್ದ. ಆ ಹೊತ್ತಿಗೆ ಸರಿಯಾಗಿ ಇವಳ ಸೂಜಿಯ ದಾರ ಬಿಟ್ಟುಹೋಗುತ್ತಿತ್ತು! ಆ ಒಂದು ನೋಟ ಇನ್ನು ಸಿಗದು ಎಂದರೆ ಹೇಗೆ?

ಅವನ ರಜೆಯ ದಿನ ಅಂಬಮ್ಮ ನೇರವಾಗಿ ಖೋಲಿಯ ಮುಂದೆ ಹೋಗಿ ನಿಂತಳು.

"ಕಂಡಕ್ಟರ್ ಸಾಹೇಬ್ರ, ನನ್ನ ಬಟ್ಟಲ ಕೊಡ್ರಿ."

ಬಾಗಿಲು ತೆರೆಯಿತು. ಗೋಡೆಯ ಗೂಡಿನಲ್ಲಿ ಎಲ್ಲರ ಬಟ್ಟಲುಗಳೂ ತೊಳೆಸಿಕೊಂಡು ಫಳಫಳ ಹೊಳೆಯುತ್ತ ಸಾಲಾಗಿ ಬೋರಲು ಕೂತಿದ್ದವು.

"ಖಾಲಿ ಬಟ್ಟಲ ಹೆಂಗ ಕೊಡ್ಲಿರೀ?" ಅವನ ಕಿವಿಯೆಲ್ಲ ಕೆಂಪು. "ಕೊಡಬಾರದಂತ ನಮ್ಮವ್ವ ಹೇಳ್ಯಾಳ. ನನಗ ಅಡಿಗಿ ಬರಂಗಿಲ್ಲ."

"ಎರಡು ಚಮಚಿ ಸಕ್ರಿ ಹಾಕಿ ಕೊಟ್ಟಿದ್ರ ಆಗ್ತಿತ್ತಲ್ರೀ!"

"ನಿಮ್ಮ ಸಜ್ಜಕ ತಿಂದು ರೇಷನ್ ಸಕ್ರಿ ಕೊಡ್ಲಾ? ನನ್ನ ಕೈಯಿಂದ ಮಾಡಿದ್ದೇ ಕೊಡಬೇಕಂತ ಇತ್ತು."

ಅಂಬಮ್ಮನಿಗೆ ನಗು ತಡೆಯಲಾಗಲಿಲ್ಲ. ಇಷ್ಟು ಒಳ್ಳೆಯವನನ್ನು ಕಂಪೌಂಡೆಲ್ಲ ಕಳ್ಳನ ಹಾಗೆ ನೋಡಿತಲ್ಲ ಎಂದು ಮರುಕವೂ ಆಯಿತು.

"ಸ್ಟೋವ್ ಹಚ್ಚರಿ," ಎಂದಳು. "ಮಂಡಾಳ ಒಗ್ಗರಣಿ ಮಾಡೂದು ಹೇಳಿಕೊಡ್ತೀನಿ."

ಅವನು ಸ್ಟೋವ್ ಹಚ್ಚಿ ಮಂಡಕ್ಕಿಯ ಚೀಲ ಬಿಚ್ಚಿದ. ಮದುವೆಯಾಗದ ಹುಡುಗಿ ಒಳಗೆ ಹೋಗುವಂತಿರಲಿಲ್ಲ. ಹೊಸ್ತಿಲ ಹೊರಗೇ ನಿಂತು, ಇಡೀ ಕಂಪೌಂಡಿಗೆ ಕೇಳುವಂತೆ ಕೂಗಿ ಹೇಳಿದಳು.

"ಮಂಡಾಳ ನೀರಾಗ ಅದ್ದಿ ಹಿಂಡ್ರಿ. ಅಯ್ಯ, ಒಗದ ಅರಬಿ ಹಿಂಡಿದಂಗಲ್ಲ, ಮೆಲ್ಲಕ! ಉಪ್ಪು ಹಾಕಿದ್ರಿ?"

ಅವನು ಅವಳ ಮುಖ ನೋಡುತ್ತಲೇ ಉಪ್ಪು ಹಾಕಿದ. ಅವಳು ಮುಂಗುರುಳು ಹಿಂದೆ ಸರಿಸಿಕೊಂಡು ಮತ್ತೆ ಕೇಳಿದಳು, ಅವನು ಮತ್ತೆ ಹಾಕಿದ. ಮೂರನೆಯ ಸಲ ಇಬ್ಬರ ಕಣ್ಣೂ ಕೂಡಿದವು. ಆಗಲೂ ಅವನ ಕೈ ಉಪ್ಪಿನ ಡಬ್ಬಿಗೇ ಹೋಯಿತು.

ಸಂಜೆ ವಿರೂಪಣ್ಣ ಒಂದೊಂದೇ ಬಟ್ಟಲು ತುಂಬಿ ಮನೆಮನೆಗೆ ಕೊಟ್ಟುಬಂದ. ಕೊನೆಗೆ ಅಂಬಮ್ಮನ ಮುಂದೆ ಬರಿಗೈಲಿ ನಿಂತ. ಅವಳ ಮನೆಯ ಪಾಲು ಬಾಳೆ ಎಲೆಯಲ್ಲಿ ಬಂದು ಆಗಲೇ ಅವಳ ಅಪ್ಪನ ಕೈ ಸೇರಿತ್ತು.

"ನನ್ನ ಬಟ್ಟಲ?"

"ಅದನ್ನ ಕೊಡಂಗಿಲ್ರೀ," ಎಂದ, ಸಣ್ಣ ದನಿಯಲ್ಲಿ. "ಅದರ ಮ್ಯಾಲ ನಿಮ್ಮ ಹೆಸರದ. ಮುಂಜಾನಿ ಅದರಾಗ ಚಹಾ ಕುಡದು ಡ್ಯೂಟಿಗಿ ಹೋಗ್ತೀನಿ. ಖೋಲಿ ಬಿಡಂದ್ರೂ ಬಿಡ್ತೀನಿ, ಬಟ್ಟಲ ಬಿಡಂಗಿಲ್ಲ."

ಅಂಬಮ್ಮನ ಮೈಯೆಲ್ಲ ಬೆಚ್ಚಗಾಯಿತು. ಅಷ್ಟರಲ್ಲಿ ಅಂಗಳದ ಕಟ್ಟೆಯಿಂದ ಬಸವಂತಮ್ಮನ ದನಿ ಕೇಳಿತು.

"ಎಲ್ಲಾರ ಬಟ್ಟಲ ಬಂದ್ವೇನ್ರವ್ವ? ಅಂಬವ್ವ, ನಿಂದು?"

ವಿರೂಪಣ್ಣ ನೆಲ ನೋಡುತ್ತ ನಿಂತ. ಬಂತು ಎಂದು ಸುಳ್ಳು ಹೇಳಿದರೆ ಅವನು ಉಳಿಯುತ್ತಾನೆ, ಆದರೆ ಇಬ್ಬರ ಮನಸ್ಸಿನ ಮಾತು ಅಲ್ಲಿಗೇ ಮುಚ್ಚಿಹೋಗುತ್ತದೆ. ಇಲ್ಲ ಎಂದರೆ ಅವನೇ ಹೋಗುತ್ತಾನೆ. ಅಂಬಮ್ಮ ಸೆರಗು ಸರಿಮಾಡಿಕೊಂಡಳು.

"ಬಂದಿಲ್ಲವ್ವ," ಎಂದಳು. "ಬರೂದೂ ಬ್ಯಾಡ. ಬಟ್ಟಲ ಇರೋ ಮನಿಗಿ ನಾನೇ ಹೋಗ್ತೀನಿ."

ವಿರೂಪಣ್ಣ ತಟ್ಟನೆ ತಲೆ ಎತ್ತಿದ. ದಾವಲ್ ಬೀ "ಯಾ ಅಲ್ಲಾ!" ಎಂದು ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು. ಬಸವಂತಮ್ಮ ಅಂಬಮ್ಮನ ಅಪ್ಪನ ಕಡೆ ನೋಡಿದಳು. ಎಲ್ಲರೂ ಅವನನ್ನೇ ನೋಡಿದರು. ಬೇವಿನ ಕೆಳಗೆ ಕೂತಿದ್ದ ಅಪ್ಪ ಬಾಳೆ ಎಲೆಯಿಂದ ಒಂದು ಹಿಡಿ ಒಗ್ಗರಣೆ ಬಾಯಿಗೆ ಹಾಕಿಕೊಂಡ. ನಿಧಾನವಾಗಿ ಅಗಿದ. ಮುಖ ಹಿಂಡಿದ.

"ಉಪ್ಪೇ ಉಪ್ಪು," ಎಂದ, ಮಗಳ ಕಡೆ ತಿರುಗಿ. "ನೀ ಲಗೂನ ಹೋಗೂದು ಚಲೋ, ತಾಯಿ."