ಚಂದ್ರನ ಲಾರಿಯ ಬಂಪರ್

"ಕೆಳಗಿಡು ಅದನ್ನ!"

ಪಿಸ್ತೂಲು ನನ್ನ ಎದೆಗೆ ನೇರವಾಗಿತ್ತು. ಹಿಡಿದವನ ಕಣ್ಣು ಮಾತ್ರ ನನ್ನ ಅಂಗೈ ಮೇಲಿತ್ತು.

ನನ್ನ ಕೈ ನಡುಗಲಿಲ್ಲ. ನಡುಗಿದ್ದರೆ ಅಲ್ಲಿಗೇ ಎಲ್ಲ ಮುಗೀತಿತ್ತು. ಮಹಡಿ ಮೆಟ್ಟಿಲಿನ ಕಂಬಿಯಿಂದಾಚೆ ಬಲಗೈ ಚಾಚಿ ನಿಂತಿದ್ದೆ. ಅಂಗೈ ಮೇಲೆ ಒಂದು ಆಟಿಕೆ ಲಾರಿ. ಕೆಳಗೆ ಕಲ್ಲಿನ ನೆಲ...

"ಹಾರಿಸು ಗುಂಡು. ನಾನು ಬೀಳ್ತೀನಿ. ಇದೂ ಬೀಳತ್ತೆ!"

"ಬೇಡ... ಬೇಡ!"

ಕೇಳಿದಿರಾ? ನನ್ನ ಜೀವದ ಮೇಲಿನ ಕಾಳಜಿ ಅಲ್ಲ ಅದು. ಪ್ಲಾಸ್ಟಿಕ್ ಲಾರಿಯ ಮೇಲಿನ ಪ್ರೀತಿ!

ಆ ಮನುಷ್ಯನ ಅಡ್ಡಹೆಸರು ಶೋಕೇಸ್. ಕಾರು ಬಾಡಿಗೆಗೆ ಬಿಡೋದು ಬಿಸಿನೆಸ್ಸು. ಹುಚ್ಚು ಮಾತ್ರ ಆಟಿಕೆಯದು. ಮಹಡಿ ತುಂಬಾ ಗಾಜಿನ ಕಪಾಟು. ಒಳಗೆ ಮಂಗಳ ಗ್ರಹದ ಟ್ಯಾಂಕರು, ಹಾರೋ ಆಂಬುಲೆನ್ಸು, ಚಂದ್ರನ ಮೇಲೆ ಓಡೋ ಲಾರಿ. ಅಂಗಡಿಯಿಂದ ಬಂದಾಗ ಎಲ್ಲ ಮಿಣಮಿಣ ಹೊಳೆಯುತ್ತವೆ. ಹೊಳೆದರೆ ಇವನಿಗೆ ಆಗಿಬರಲ್ಲ. ದುಡಿದು ಸವೆದ ಗಾಡಿ ಥರ ಕಾಣಬೇಕು. ಗೀರು, ಧೂಳು, ಎಣ್ಣೆ ಕಲೆ, ತುಕ್ಕು... ಎಲ್ಲ ಇರಬೇಕು.

ಆ ಕೆಲಸ ಮಾಡಿಕೊಡುತ್ತಿದ್ದವನನ್ನು ಎಲ್ಲರೂ 'ತುಕ್ಕು' ಅಂತಲೇ ಕರೆಯುತ್ತಿದ್ದರು.

ಅವನು ಸತ್ತ.

ವರ್ಕ್‌ಶಾಪಿಗೆ ಬೆಂಕಿ ಬಿದ್ದಿತ್ತು. ಥಿನ್ನರ್ ಡಬ್ಬಿ ಪಕ್ಕ ಕೂತು ಸಿಗರೇಟು ಹಚ್ಚಿದ್ದಾನೆ, ಅವನದೇ ತಪ್ಪು ಅಂತ ಪೊಲೀಸರು ಕೈ ತೊಳೆದುಕೊಂಡರು. ಆಮೇಲೆ ಅವನ ಅಕ್ಕ ನನ್ನ ಆಫೀಸಿಗೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ತಮ್ಮನಿಗೆ ಉಬ್ಬಸ ಸರ್. ಒಗ್ಗರಣೆ ಘಾಟಿಗೇ ಹೊರಗೆ ಓಡ್ತಿದ್ದ. ಅವನು ಸಿಗರೇಟು ಸೇದ್ತಾನಾ?"

"ಕೊನೇ ಸಲ ಯಾವಾಗ ಮಾತಾಡಿದ್ರಿ?"

"ಬೆಂಕಿ ಬೀಳೋ ಹಿಂದಿನ ದಿನ. ಫೋನಲ್ಲಿ. ಏನು ಖುಷಿ ಅಂತೀರಿ! 'ಅಕ್ಕಾ, ಯಜಮಾನ್ರ ಗ್ಯಾರೇಜಲ್ಲಿ ಜೀಪ್ ನೋಡ್ದೆ. ಮುಂದೆ ಎಷ್ಟು ಚೆನ್ನಾಗಿ ಜಜ್ಜಿದೆ ಗೊತ್ತಾ? ಹಂಗೇ ಲಾರಿಗೆ ಮಾಡಿದೀನಿ. ಅದರ ತುಕ್ಕನ್ನೂ ಕೆರೆದು ತಂದು ಹಚ್ಚಿದೀನಿ. ಇಂಥ ಕಂದು ಯಾವ ಡಬ್ಬೀಲೂ ಸಿಗಲ್ಲ. ನಾಳೆ ಕೊಡ್ತೀನಿ, ಯಜಮಾನ್ರು ಕುಣಿದಾಡಿಬಿಡ್ತಾರೆ' ಅಂದ."

ಆಕೆ ಸೆರಗಲ್ಲಿ ಮುಖ ಒರೆಸಿಕೊಂಡರು.

"ತನ್ನ ಸಾವು ತಾನೇ ತಂದ್ಕೊಂಡ ಅಂತಾರೆ ಸರ್ ಎಲ್ಲಾರೂ. ಅದೊಂದು ಮಾತು ಅಳಿಸಿಕೊಡಿ. ಸಾಕು."

ನಾನು ವಾಹನ ವಿಮೆಯ ತನಿಖೆ ಮಾಡಿ ತಲೆ ನರೆಸಿಕೊಂಡವನು. ಕಂಬಕ್ಕೆ ಗುದ್ದಿದ ಡೆಂಟು ಬೇರೆ, ಮನುಷ್ಯರಿಗೆ ಗುದ್ದಿದ ಡೆಂಟು ಬೇರೆ. ಶೋಕೇಸಿನ ಜೀಪು ರಿಪೇರಿ ಮಾಡಿದ ಬಾಡಿ ಶಾಪಿನವನನ್ನು ಹಿಡಿದು ಕೂರಿಸಿದೆ. ಮೊದಲು ತಡವರಿಸಿದ... ಆಮೇಲೆ ಕಕ್ಕಿದ. ಬಂಪರ್ ಹೊಸದು, ಗ್ರಿಲ್ ಹೊಸದು, ಹಳೇದನ್ನು ಕರಗಿಸಿಯಾಗಿದೆ. ಯಾವಾಗ ಅಂತ ಕೇಳಿದೆ. ಸೇತುವೆ ಹತ್ತಿರ ಸೈಕಲ್ಲಲ್ಲಿ ಹೋಗುತ್ತಿದ್ದ ನರ್ಸ್‌ಗೆ ಯಾರೋ ಗುದ್ದಿ ಪರಾರಿಯಾದರಲ್ಲ, ಅದೇ ವಾರ! ಆ ಹುಡುಗಿ ಅಲ್ಲೇ ಸತ್ತಿದ್ದಳು. ಮೈಮೇಲೆ ಹರಿದ ನೀಲಿ ರೇನ್‌ಕೋಟು. ಗುದ್ದಿದ ಗಾಡಿ ಸಿಕ್ಕೇ ಇರಲಿಲ್ಲ.

ತುಕ್ಕು ಫೋನಲ್ಲಿ ಅಕ್ಕನಿಗೆ ಹೇಳಿದ್ದು ನೆನಪಾಯಿತು: ಯಾವ ಡಬ್ಬೀಲೂ ಸಿಗದ ಕಂದು.

ತುಕ್ಕು ಸುಳ್ಳು ಗೀರು ಎಳೆದವನಲ್ಲ. ಗ್ಯಾರೇಜು, ಗುಜರಿ ಸುತ್ತಿ ನಿಜವಾದ ಗಾಡಿ ನೋಡಿಯೇ ಮಾಡೋನು. ನಿಜವಾದ ಮಣ್ಣು ತಂದು ಅಂಟಿಸಿ, ಮೇಲೆ ವಾರ್ನಿಷ್ ಬಳಿಯೋನು. ಜೀಪಿನ ಮೇಲಿದ್ದದ್ದು ತುಕ್ಕಲ್ಲ, ಒಣಗಿದ ರಕ್ತ ಅಂತ ಆ ಪಾಪದವನಿಗೆ ಹೊಳೆಯಲೇ ಇಲ್ಲ. ಬಣ್ಣ ಚೆಂದ ಕಂಡಿತು, ಅಷ್ಟೇ. ಕೆರೆದು ತಂದ. ಹೆಮ್ಮೆಯಿಂದ ಒಯ್ದು ಕೊಂದವನ ಕೈಗೇ ಕೊಟ್ಟ! ಜೀಪಿನ ಡೆಂಟು ನೋಡಿದವನು ಉಳಿಯಬಾರದಿತ್ತು; ಅದೇ ದಿನ ವರ್ಕ್‌ಶಾಪು ಉರಿಯಿತು.

ಹಾಗಾಗಿ ಆ ಮಧ್ಯಾಹ್ನ ಕಲೆಕ್ಷನ್ನಿಗೆ ವಿಮೆ ಮಾಡಿಸೋ ನೆಪದಲ್ಲಿ ಶೋಕೇಸಿನ ಮನೆ ಹೊಕ್ಕೆ. ಕಪಾಟಿನಿಂದ ಲಾರಿ ಎತ್ತಿಕೊಂಡೆ. ತಲೆ ಮೇಲೆ ಸಣ್ಣ ಆಂಟೆನಾ, ಎಡಗಡೆ ಜಜ್ಜಿದ ಬಂಪರ್... ಗ್ರಿಲ್ಲಿನ ಸಂದಿಯಲ್ಲಿ ತುಕ್ಕು ಜೀಪಿನಿಂದಲೇ ಕಿತ್ತು ತಂದು ಸಿಕ್ಕಿಸಿದ ನೀಲಿ ಚೂರು. ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಯಿತು. ಪಿಸ್ತೂಲು ಹೊರಗೆ ಬಂತು. ನಾನು ಮೆಟ್ಟಿಲಿಗೆ ಹಾರಿ ಲಾರಿಯನ್ನು ಕಂಬಿಯಾಚೆ ಚಾಚಿದೆ.

"ಇದನ್ನ ಯಾಕೆ ಒಡೆದು ಹಾಕ್ಲಿಲ್ಲ?" ನಾನು ಕೇಳಿದೆ.

"ಹೆಂಗೆ ಒಡೀಲಿ? ಅವನು ಮಾಡಿದ್ರಲ್ಲೇ ಬೆಸ್ಟ್ ಇದು..."

ಮಾಡಿದವನನ್ನು ಸುಟ್ಟಿದ್ದ. ಮಾಡಿದ್ದನ್ನು ಗಾಜಿನೊಳಗೆ ಜೋಪಾನ ಮಾಡಿದ್ದ! ಮೈಯೆಲ್ಲ ಉರಿದುಹೋಯಿತು ನನಗೆ.

ಒಂದು ಗುಟ್ಟು ಹೇಳಲಾ? ಇದ್ದ ಒಂದೇ ಸಾಕ್ಷಿ ಆ ಲಾರಿ; ಬಿದ್ದು ಪುಡಿಯಾದರೆ ಉಳಿಯೋನು ಅವನೇ. ಮುಳುಗೋನು ನಾನು. ಅದು ಅವನ ತಲೆಗೆ ಹೊಳೆಯೋ ಮೊದಲು ನಾನು ಜಾಗ ಖಾಲಿ ಮಾಡಬೇಕಿತ್ತು.

ಕೆಳಗಿನಿಂದ ದಬದಬ ಸದ್ದು. ಅವನ ಆಳು ಮೆಟ್ಟಿಲು ಹತ್ತುತ್ತಿದ್ದ; ಅಡ್ಡಹೆಸರು 'ಗೋಡೆ'. ಹೆಸರಿಗೆ ತಕ್ಕ ಮೈಕಟ್ಟು.

"ಯಜಮಾನ್ರೇ, ಮುಗಿಸ್ಬಿಡ್ಲಾ?"

"ಲಾರಿ ಹುಷಾರು ಕಣೋ!"

ಪಕ್ಕದ ಕಪಾಟಿನಿಂದ ಎಡಗೈಗೆ ಸಿಕ್ಕಿದ ಹಾರೋ ಆಂಬುಲೆನ್ಸನ್ನು ಎತ್ತಿ ಮೇಲಕ್ಕೆ ಎಸೆದೆ. ಹೆಸರಿಗೆ ತಕ್ಕ ಹಾಗೆ ಹಾರಿತು!

"ಅಯ್ಯೋ!"

ಶೋಕೇಸ್ ಪಿಸ್ತೂಲು ಬಿಟ್ಟು ಎರಡೂ ಕೈ ಚಾಚಿ ಜಿಗಿದ. ಜಿಗಿದವನು ಹೋಗಿ ಗೋಡೆಯ ಮೇಲೆಯೇ ಬಿದ್ದ. ಇಬ್ಬರೂ ಮೆಟ್ಟಿಲ ಮೇಲೆ ಉರುಳಿದರು. ನಾನು ಅವರನ್ನು ದಾಟಿಕೊಂಡು ಓಡಿದೆ. ಲಾರಿ ಅಂಗಿಯೊಳಗೆ... ಸ್ಕೂಟರ್ ಗೇಟಿನ ಹೊರಗೆ.

ಹಿಂದೆಯೇ ಜೀಪು ಗುಡುಗಿತು. ಅದೇ ಜೀಪು. ಹೊಸ ಬಂಪರ್.

ಟೈರ್ ಅಂಗಡಿಗಳ ಬೀದಿ. ಒದ್ದೆ ಬಟ್ಟೆ ಒಣಹಾಕಿದ ಸಂದಿ. ತರಕಾರಿ ಗಾಡಿಯೊಂದು ಅಡ್ಡ ಬಂತು... ಕೂದಲೆಳೆಯಲ್ಲಿ ತಪ್ಪಿಸಿದೆ. ಜೀಪಿನ ಕಿಟಕಿಯಿಂದ ಗೋಡೆ ಪಿಸ್ತೂಲು ಚಾಚಿದ್ದು ಕನ್ನಡಿಯಲ್ಲಿ ಕಂಡಿತು.

"ಹಾರಿಸ್ಬೇಡ್ವೋ! ಲಾರಿಗೆ ತಗುಲತ್ತೆ!"

ಇಡೀ ಬೀದಿಗೆ ಕೇಳಿಸಿತು ಶೋಕೇಸಿನ ಕೂಗು. ನಗು ಬರಬೇಕಿತ್ತು. ಆ ನರ್ಸ್ ನೆನಪಾಗಿ ಬರಲಿಲ್ಲ.

ರೈಲ್ವೆ ಗೇಟು ಇಳಿಯುತ್ತಿತ್ತು. ತಲೆ ಬಗ್ಗಿಸಿ ನುಗ್ಗಿದೆ. ಕಂಬಿ ಬೆನ್ನಿಗೆ ಬಡಿದು ಮುಂದಕ್ಕೆ ಜೋತುಬಿದ್ದೆ. ಅಂಗಿಯೊಳಗೆ ಏನೋ ಟಪ್ಪೆಂದಿತು! ಹಿಂದೆ ರೈಲು ಅಡ್ಡ ಬಂತು. ನಾನು ತಿರುಗಿಯೂ ನೋಡದೆ ಪೊಲೀಸ್ ಸ್ಟೇಷನ್ ಮುಂದೆ ಹೋಗಿ ನಿಂತೆ.

ಇನ್ಸ್‌ಪೆಕ್ಟರ್ ಮೊದಲು ನನ್ನ ನೋಡಿದರು, ಆಮೇಲೆ ಲಾರಿ ನೋಡಿದರು.

"ಆಟದ ಸಾಮಾನು ತಂದಿದೀರಾ?"

"ಲ್ಯಾಬಿಗೆ ಕಳಿಸಿ ಸರ್. ಆಮೇಲೆ ನಗೋಣ."

ಯಾರೂ ನಗಲಿಲ್ಲ. ವಾರ್ನಿಷ್ ಅಡಿಯಲ್ಲಿದ್ದದ್ದು ಆ ನರ್ಸ್ ರಕ್ತ. ನೀಲಿ ಚೂರು ಆಕೆಯ ರೇನ್‌ಕೋಟಿನ ಹರಕಿಗೆ ಸರಿಯಾಗಿ ಕೂತಿತು. ಇಬ್ಬರನ್ನೂ ಹಿಡಿದು ತಂದರು; ಅದನ್ನು ಕೇಳಿದ ಮೇಲೆ ಗೋಡೆ ಬಿರುಕುಬಿಟ್ಟ. ವರ್ಕ್‌ಶಾಪಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ್ದು ತಾನು, ಕಿಟಕಿಯಿಂದ ಕಡ್ಡಿ ಗೀರಿ ಒಗೆದದ್ದು ಯಜಮಾನ ಅಂತ ಒಪ್ಪಿಕೊಂಡ.

ಅಕ್ಕ ಸ್ಟೇಷನ್ನಿಗೆ ಬಂದರು. ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲ, ಅದರೊಳಗೆ ಚಂದ್ರನ ಲಾರಿ. ಹತ್ತಿರ ಬಂದು ಕೈ ಚಾಚಿದರು.

"ಒಂದ್ಸಲ ಮುಟ್ಲಾ? ಅವನ ಕೈಯಿ ಆಡಿದ್ದು..."

"ಬೇಡಕ್ಕಾ. ಸಾಕ್ಷಿ ಅದು."

ಕೈ ಹಿಂದಕ್ಕೆ ತೆಗೆದುಕೊಂಡರು. "ಅವನು ತಪ್ಪು ಮಾಡ್ಲಿಲ್ಲ ತಾನೇ?"

"ಒಂದು ಗೀರೂ ತಪ್ಪಿಲ್ಲ," ಅಂದೆ. ನನ್ನ ಕಣ್ಣೂ ಮಂಜಾಯಿತು. ಸುಳ್ಳು ಯಾಕೆ ಹೇಳಲಿ?

ಹೊರಡುವಾಗ ಲಾಕಪ್ಪಿನ ಕಂಬಿಯ ಹಿಂದಿನಿಂದ ಶೋಕೇಸ್ ಕರೆದ. ನರ್ಸ್ ಬಗ್ಗೆ ಕೇಳಲಿಲ್ಲ. ತುಕ್ಕು ಬಗ್ಗೆ ಕೇಳಲಿಲ್ಲ.

"ಆಂಟೆನಾ... ಮುರೀತಾ?"

"ಮುರೀತು," ಅಂದೆ. "ಈಗ ಇನ್ನೂ ರಿಯಲ್ ಆಗಿ ಕಾಣತ್ತೆ."